ಸೋತ ವಾರವೂ ಮೈಕಿನ ಮುಂದೆ

ಕಾಲೇಜು ತಂಡವೊಂದರ ಸುದ್ದಿ ಊರಿಗೆ ತಲುಪುವುದು ಪತ್ರಿಕೆಯ ಸ್ಥಳೀಯ ಪುಟದ ಒಂದು ಫೋಟೊದಿಂದ. ನಡುವೆ ಕಪ್. ಕುಳಿತ ಸಾಲಿನಲ್ಲಿ ಪ್ರಾಂಶುಪಾಲರು, ಆಡಳಿತ ಮಂಡಳಿಯವರು. ನಿಂತ ಸಾಲಿನಲ್ಲಿ ಬೆವರು ಆರದ ಹುಡುಗರು. ಒಂದು ತುದಿಯಲ್ಲಿ, ಫೋಟೊದ ಅಂಚು ಕತ್ತರಿಸಿದರೆ ಮೊದಲು ಹೋಗುವ ಜಾಗದಲ್ಲಿ, ಟ್ರ್ಯಾಕ್‌ಸೂಟ್ ತೊಟ್ಟ ದೈಹಿಕ ಶಿಕ್ಷಣ ನಿರ್ದೇಶಕರು. ವಿದ್ಯಾರ್ಥಿಗಳ ಬಾಯಲ್ಲಿ ಅವರು ‘ಪಿ.ಡಿ. ಸರ್’; ತಂಡದ ಕೋಚ್ ಕೂಡ ಅವರೇ. ಕೆಳಗೆ ಎರಡು ಸಾಲಿನ ವಿವರ: ಅಂತರ ಕಾಲೇಜು ಹಾಕಿ ಪಂದ್ಯಾಟದಲ್ಲಿ ಪ್ರಥಮ ಸ್ಥಾನ ಪಡೆದ ತಂಡ. ಗೆದ್ದ ವರ್ಷದ ಕಥೆ ಅಲ್ಲಿಗೆ ಮುಗಿಯಿತು. ಸೋತ ವರ್ಷಕ್ಕೆ ಫೋಟೊವೂ ಇಲ್ಲ.

ಆ ತುದಿಯಲ್ಲಿ ನಿಂತವರಿಗೆ ಗೊತ್ತಿರುವುದು ಎಷ್ಟೊಂದು! ಯಾವ ಹುಡುಗ ನಸುಕಿನ ಮೊದಲ ಬಸ್ಸು ಹಿಡಿದು ಅಭ್ಯಾಸಕ್ಕೆ ಬರುತ್ತಾನೆ, ಯಾವ ಹುಡುಗಿಯನ್ನು ತಂಡದ ಜೊತೆ ಹೊರ ಊರಿಗೆ ಕಳಿಸಲು ಅವಳ ಮನೆಯವರನ್ನು ಹೇಗೆ ಒಪ್ಪಿಸಬೇಕಾಯಿತು, ಗೋಲ್‌ಕೀಪರ್‌ನ ಪ್ಯಾಡು ಹರಿದಾಗ ಯಾವ ಹಳೆ ವಿದ್ಯಾರ್ಥಿ ಹಣ ಕೊಟ್ಟರು, ಸೆಮಿಫೈನಲ್‌ನ ಕೊನೆಯ ನಿಮಿಷಗಳಲ್ಲಿ ಹುಡುಗರ ಕಾಲು ಏಕೆ ಸೋತಿತು. ಇದನ್ನೆಲ್ಲ ಅವರು ಸ್ಟಾಫ್‌ರೂಮಿನಲ್ಲಿ ಹೇಳಿದರೆ ಕೇಳುವವರು ಒಬ್ಬಿಬ್ಬರು. ಊರು ಕೇಳುವ ಕಡೆ ಹೇಳಲು ಅವರಿಗೊಂದು ಜಾಗ ಬೇಕು. ಮಂಗಳೂರಿನಂಥ ಊರಿನಲ್ಲಿ ಆ ಜಾಗ ರೇಡಿಯೊ. ಕಾಲೇಜು ಹಾಕಿ ತಂಡದ ಕೋಚ್ ವಾರಕ್ಕೊಮ್ಮೆ, ನಿಗದಿತ ದಿನ, ನಿಗದಿತ ಹೊತ್ತಿಗೆ ಹದಿನೈದು ನಿಮಿಷ ಮಾತಾಡಬೇಕು ಎನ್ನುವುದು ನನ್ನ ಬಹುಕಾಲದ ಆಸೆ. ಅದನ್ನು ಈ ಲೇಖನದಲ್ಲಿ ಊರಿನ ಮುಂದಿಡುತ್ತಿದ್ದೇನೆ.

ಇದು ಎಲ್ಲೂ ಇಲ್ಲದ ಕಲ್ಪನೆಯಲ್ಲ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ‘ಕೋಚ್ಸ್ ಶೋ’ ಎಂಬುದು ಹಳೆಯ ಪದ್ಧತಿ. ಅಲ್ಲಿಯದು ಮಂಜುಗಡ್ಡೆಯ ಮೇಲಿನ ಐಸ್ ಹಾಕಿ. ಅಕ್ಟೋಬರ್‌ನಲ್ಲಿ ಶುರುವಾಗಿ ಏಪ್ರಿಲ್‌ವರೆಗೆ ನಡೆಯುವ ಋತು. ಪಂದ್ಯಗಳು ಹೆಚ್ಚಾಗಿ ಶುಕ್ರವಾರ, ಶನಿವಾರ. ವಾರದ ನಡುವಿನ ಒಂದು ಸಂಜೆ ತಂಡದ ಕೋಚ್ ಊರಿನ ಯಾವುದೋ ಹೋಟೆಲಿನಲ್ಲೋ ಸ್ಟುಡಿಯೊದಲ್ಲೋ ಮೈಕಿನ ಮುಂದೆ ಕೂರುತ್ತಾರೆ. ಹಿಂದಿನ ವಾರದ ಪಂದ್ಯ ಹೇಗಾಯಿತು, ಮುಂದಿನ ಎದುರಾಳಿ ಯಾರು, ಯಾರ ಮೊಣಕಾಲಿಗೆ ಪೆಟ್ಟಾಗಿದೆ, ಹೊಸದಾಗಿ ಸೇರಿದ ಹುಡುಗ ಯಾವ ಊರಿನವನು ಎಂದೆಲ್ಲ ಹೇಳುತ್ತಾರೆ. ಕೇಳುಗರು ಫೋನ್ ಮಾಡಿ ಪ್ರಶ್ನೆ ಕೇಳುತ್ತಾರೆ. ಕೋಚ್ ಆಗಿ ಸೇರುವಾಗಿನ ಒಪ್ಪಂದದಲ್ಲೇ ಈ ಕಾರ್ಯಕ್ರಮದ ಮಾತೂ ಸೇರಿರುವುದುಂಟು. ಆದ್ದರಿಂದ ಗೆದ್ದ ವಾರ ಬಂದವರು ಸೋತ ವಾರವೂ ಬರಲೇಬೇಕು. ಆ ಪದ್ಧತಿಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಈ ಕಟ್ಟುಪಾಡು.

ಅಲ್ಲಿ ಕೋಚ್‌ಗೂ ಊರಿಗೂ ನಂಟು ಗಟ್ಟಿ. ಬೋಸ್ಟನ್ ಯೂನಿವರ್ಸಿಟಿಯ ಜಾಕ್ ಪಾರ್ಕರ್ 1973ರಿಂದ 2013ರವರೆಗೆ ಒಂದೇ ಕಾಲೇಜಿನ ತಂಡಕ್ಕೆ ಕೋಚ್ ಆಗಿದ್ದರು. 40 ಋತು, 897 ಗೆಲುವು. ಮಿನ್ನೆಸೋಟ ವಿಶ್ವವಿದ್ಯಾಲಯದ ಹರ್ಬ್ ಬ್ರೂಕ್ಸ್ 1974, 1976, 1979ರಲ್ಲಿ ತಂಡಕ್ಕೆ ರಾಷ್ಟ್ರೀಯ ಪ್ರಶಸ್ತಿ ತಂದವರು. ಮರುವರ್ಷ, 1980ರ ಫೆಬ್ರವರಿ 22ರಂದು, ಲೇಕ್ ಪ್ಲ್ಯಾಸಿಡ್‌ನ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಇದೇ ಬ್ರೂಕ್ಸ್ ಅವರ ಎಳೆಯ ಹುಡುಗರ ತಂಡ ಬಲಾಢ್ಯ ಸೋವಿಯತ್ ತಂಡವನ್ನು 4-3ರಿಂದ ಸೋಲಿಸಿತು. ಆ 20 ಮಂದಿಯಲ್ಲಿ ಒಂಬತ್ತು ಜನ ಮಿನ್ನೆಸೋಟ ವಿಶ್ವವಿದ್ಯಾಲಯದವರು, ನಾಲ್ವರು ಬೋಸ್ಟನ್ ಯೂನಿವರ್ಸಿಟಿಯವರು. ದೇಶಕ್ಕೆ ಅವರು ರಾತ್ರಿ ಬೆಳಗಾಗುವುದರೊಳಗೆ ಪರಿಚಯವಾದರು. ತಮ್ಮ ತಮ್ಮ ಊರುಗಳಿಗೆ ಮಾತ್ರ ಅವರು ಮೊದಲೇ ಪರಿಚಿತರು. ಕಾಲೇಜು ಆಟಕ್ಕೆ ಊರಿನ ಬೇರು ಇರುವುದೆಂದರೆ ಇದು.

ಅಮೆರಿಕದ ಆ ಏರ್ಪಾಡಿನಲ್ಲಿ ಜಾಹೀರಾತಿನ ಹಣವೂ ಬಹಳ. ಅದು ನಮಗೆ ಬೇಡ. ನಮಗೆ ಬೇಕಾದ್ದು ಅದರೊಳಗಿನ ಶಿಸ್ತು ಮಾತ್ರ: ವಾರ ತಪ್ಪದೆ ಬರುವುದು, ಸೋಲನ್ನೂ ವಿವರಿಸುವುದು.

ರೇಡಿಯೊ ಮತ್ತು ಕಾಲೇಜು ಮೇಷ್ಟರ ನಂಟು ಕನ್ನಡನಾಡಿಗೆ ಹೊಸದಲ್ಲ. ನಮ್ಮಲ್ಲಿ ರೇಡಿಯೊ ಹುಟ್ಟಿದ್ದೇ ಒಬ್ಬ ಮೇಷ್ಟರ ಮನೆಯಲ್ಲಿ. ಮೈಸೂರಿನ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್‌ನಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ 30 ವ್ಯಾಟ್‌ನ ಪುಟ್ಟ ಪ್ರಸಾರ ಯಂತ್ರ ಇಟ್ಟುಕೊಂಡು ಬಾನುಲಿ ಶುರುಮಾಡಿದರು. ಸರ್ಕಾರದ ಆದೇಶವಿರಲಿಲ್ಲ, ಲಾಭದ ಲೆಕ್ಕವಿರಲಿಲ್ಲ. ತರಗತಿಯ ಗೋಡೆ ದಾಟಿ ಮಾತು ಊರಿಗೆ ಹೋಗಬೇಕು ಎಂಬ ಹಂಬಲವಿತ್ತು. ‘ಆಕಾಶವಾಣಿ’ ಎಂಬ ಹೆಸರು ಮೊದಲು ಬಂದದ್ದು ಆ ಕೇಂದ್ರಕ್ಕೆ; ದೇಶದ ರೇಡಿಯೊಗೆ ಅದು ಸಿಕ್ಕಿದ್ದು ಆಮೇಲೆ. ಇವತ್ತು ಒಂದು ಸಮುದಾಯ ಬಾನುಲಿ ಕೇಂದ್ರಕ್ಕೆ 100 ವ್ಯಾಟ್‌ವರೆಗೆ ಅನುಮತಿಯಿದೆ. ಗೋಪಾಲಸ್ವಾಮಿ ಅದರ ಮೂರನೆಯ ಒಂದು ಪಾಲಿಗಿಂತ ಕಡಿಮೆ ಶಕ್ತಿಯಲ್ಲಿ ನಾಡಿಗೆ ಕಿವಿ ಕೊಡುವುದನ್ನು ಕಲಿಸಿದರು.

ಮಂಗಳೂರಿಗೆ ಆಕಾಶವಾಣಿ ಬಂದದ್ದು 1976ರ ಡಿಸೆಂಬರ್‌ನಲ್ಲಿ. ಕದ್ರಿ ಗುಡ್ಡದಲ್ಲಿ ಸ್ಟುಡಿಯೊ, ದೂರದ ಬ್ರಹ್ಮಾವರದಲ್ಲಿ ಮಧ್ಯಮ ತರಂಗದ ಪ್ರಸಾರ ಕೇಂದ್ರ. ಹಾಕಿಯ ಇತಿಹಾಸದಲ್ಲೂ ಆ ವರ್ಷಕ್ಕೆ ದೊಡ್ಡ ಜಾಗವಿದೆ. ಆ ವರ್ಷದ ಜುಲೈಯಲ್ಲಿ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಹಾಕಿಯನ್ನು ಕೃತಕ ಹುಲ್ಲಿನ ಮೇಲೆ ಆಡಿಸಲಾಯಿತು. ಅದರ ಹಿಂದಿನ ವರ್ಷ, 1975ರ ಮಾರ್ಚ್ 15ರಂದು, ಕೌಲಾಲಂಪುರದಲ್ಲಿ ಪಾಕಿಸ್ತಾನವನ್ನು 2-1ರಿಂದ ಸೋಲಿಸಿ ವಿಶ್ವಕಪ್ ಗೆದ್ದಿದ್ದ ಭಾರತ ಅಲ್ಲಿ ಏಳನೆಯ ಸ್ಥಾನಕ್ಕೆ ಇಳಿಯಿತು. ವಿಶ್ವಕಪ್ ಗೆದ್ದ ಆ ತಂಡದಲ್ಲಿ ನಮ್ಮ ಕೊಡಗಿನ ಬಿ.ಪಿ. ಗೋವಿಂದ ಇದ್ದರು. ಫೈನಲ್ ಪಂದ್ಯವನ್ನು ಕೋಟ್ಯಂತರ ಜನರ ಕಣ್ಣಿಗೆ ಕಟ್ಟಿಸಿದ್ದು ಜಸ್‌ದೇವ್ ಸಿಂಗ್ ಅವರ ಹಿಂದಿ ವೀಕ್ಷಕ ವಿವರಣೆ. ಮನೆಮನೆಯಲ್ಲಿ ಟಿ.ವಿ. ಇಲ್ಲದ ಕಾಲ. ಟ್ರಾನ್ಸಿಸ್ಟರ್ ಸುತ್ತ ಕುಳಿತವರಿಗೆ ಚೆಂಡು ಎಲ್ಲಿದೆ ಎಂಬುದು ಧ್ವನಿಯ ಏರಿಳಿತದಲ್ಲೇ ತಿಳಿಯುತ್ತಿತ್ತು. ಹಾಕಿಯಷ್ಟು ವೇಗದ ಆಟವನ್ನು ಮಾತಿನಲ್ಲಿ ಹಿಡಿಯಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

2009ರಲ್ಲಿ ಮಂಗಳೂರಿನ ಸೇಂಟ್ ಅಲೋಶಿಯಸ್ ಕಾಲೇಜು ತನ್ನದೇ ಸಮುದಾಯ ಬಾನುಲಿ ಶುರುಮಾಡಿತು. ಅದೇ ರೇಡಿಯೊ ಸಾರಂಗ್, 107.8 ಎಫ್‌ಎಂ. ಬಾವುಟಗುಡ್ಡೆಯ ನೆತ್ತಿಯಿಂದ ಕನ್ನಡ, ತುಳು, ಕೊಂಕಣಿ, ಬ್ಯಾರಿ ಮಾತುಗಳು ಊರಿಗೆ ಇಳಿದು ಬಂದವು. ಮಣಿಪಾಲದಲ್ಲೂ ಇಂಥದೇ ಕೇಂದ್ರವಿದೆ. ದೇಶದ ಮೊದಲ ಕಾಲೇಜು ಬಾನುಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದಲ್ಲಿ 2004ರ ಫೆಬ್ರವರಿಯಲ್ಲಿ ಶುರುವಾಯಿತು. 2006ರಲ್ಲಿ ನಿಯಮ ಸಡಿಲವಾಗಿ ಸಂಘ ಸಂಸ್ಥೆಗಳಿಗೂ ಅವಕಾಶ ಸಿಕ್ಕಿತು. ಸಮುದಾಯ ಬಾನುಲಿಯ ಕಾರ್ಯಕ್ರಮಗಳಲ್ಲಿ ಅರ್ಧಕ್ಕೆ ಕಡಿಮೆಯಾಗದಷ್ಟು ಆಯಾ ಊರಿನ ಜನರೇ ಸೇರಿ ಮಾಡಿದ್ದಾಗಿರಬೇಕು ಎಂಬುದು ಆ ನಿಯಮದ ಮುಖ್ಯ ಮಾತು. ತನ್ನದೇ ಕಾಲೇಜಿನ, ಪಕ್ಕದ ಕಾಲೇಜಿನ ಹಾಕಿ ಕೋಚ್ ಬಂದು ಮಾತಾಡುವುದಕ್ಕಿಂತ ಹೆಚ್ಚು ಊರಿನದ್ದಾದ ಕಾರ್ಯಕ್ರಮ ಯಾವುದಿದ್ದೀತು?

ಕೇಳುವ ಕಿವಿಯ ವಿಷಯದಲ್ಲಿ ಕರಾವಳಿಗೆ ಯಾರೂ ಪಾಠ ಹೇಳಬೇಕಿಲ್ಲ. ಬಣ್ಣವಿಲ್ಲ, ಗೆಜ್ಜೆಯಿಲ್ಲ, ಕುಳಿತಲ್ಲಿಂದ ಏಳುವುದೂ ಇಲ್ಲ. ಭಾಗವತರ ಪದ ಮುಗಿದ ಮೇಲೆ ಬರೀ ಮಾತಿನಲ್ಲೇ ಕರ್ಣ ಅರ್ಜುನರ ಯುದ್ಧವನ್ನು ಕಟ್ಟುವ ತಾಳಮದ್ದಳೆ ಇಲ್ಲಿನ ಕಲೆ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆ ಕೇಳಲು ರಾತ್ರಿಯಿಡೀ ಕೂತ ಜನ ಇವರು. ಸೋಲುವ ಪಾತ್ರಕ್ಕೂ ಸಮನಾದ ಮಾತಿನ ಅವಕಾಶ ಕೊಡುವುದು ಆ ಕಲೆಯ ದೊಡ್ಡತನ. ಸೋತ ಮಾಗಧನಿಗೂ, ತೊಡೆ ಮುರಿದ ಕೌರವನಿಗೂ ಅಲ್ಲಿ ತನ್ನ ಪರವಾಗಿ ಹೇಳಿಕೊಳ್ಳಲು ಹೊತ್ತಿದೆ, ಅದನ್ನು ಮನಸ್ಸಿಟ್ಟು ಕೇಳುವ ಸಭೆಯಿದೆ. ಕಂಬಳದ ಕರೆಯ ಪಕ್ಕದಲ್ಲಿ ಇರುಳು ಹಗಲು ಬಿಡದೆ ಹರಿಯುವ ತುಳು ವಿವರಣೆ, ಮ್ಯಾಟ್ ಕಬಡ್ಡಿಯ ಮೈಕಿನ ಮಾತು, ಇವೆಲ್ಲ ಸೇರಿ ಆಟವನ್ನು ಮಾತಾಗಿ ಸವಿಯುವ ರುಚಿ ಈ ಜನಕ್ಕೆ ಮೊದಲೇ ಹತ್ತಿದೆ. ಕೋಚ್ ಒಬ್ಬರು ನೇರವಾಗಿ, ಅಲಂಕಾರವಿಲ್ಲದೆ ಮಾತಾಡಿದರೆ ಸಾಕು, ಕೇಳುಗರು ಸಿಕ್ಕೇ ಸಿಗುತ್ತಾರೆ.

ಹಾಕಿಯೇ ಏಕೆ ಎಂದು ಕೇಳಬಹುದು. ಮಂಗಳೂರು ಹೆಚ್ಚು ಮೆಚ್ಚುವುದು ಫುಟ್‌ಬಾಲ್, ವಾಲಿಬಾಲ್, ಕಬಡ್ಡಿಯನ್ನು. ನೆಹರೂ ಮೈದಾನದಲ್ಲಿ ಸಂಜೆ ನಿಂತು ನೋಡಿದರೆ ಇದು ತಿಳಿಯುತ್ತದೆ. ಆದರೂ ಈ ಊರಿನ ಕಾಲೇಜುಗಳಿಗೆ ಹಾಕಿಯ ಸಂಬಂಧ ಘಟ್ಟದ ಮೇಲಿಂದ ಬಂತು. 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಅದರ ವ್ಯಾಪ್ತಿಗೆ ದಕ್ಷಿಣ ಕನ್ನಡದ ಜೊತೆ ಕೊಡಗೂ ಸೇರಿತು. ಮಡಿಕೇರಿಯ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಕಾಲೇಜು, ಗೋಣಿಕೊಪ್ಪದ ಕಾವೇರಿ ಕಾಲೇಜು, ಎಲ್ಲವೂ ಆಗ ಕೊಣಾಜೆಯಲ್ಲಿರುವ ಆ ವಿಶ್ವವಿದ್ಯಾನಿಲಯದ ಕೈಕೆಳಗೆ. ವಿಶ್ವವಿದ್ಯಾನಿಲಯದ ಹಾಕಿಗೆ ಬೆನ್ನೆಲುಬಾಗಿ ನಿಂತವರು ಕೊಡಗಿನ ಮಕ್ಕಳು. ಕರಾವಳಿಯ ಆಫೀಸಿನಲ್ಲಿ ತಂಡದ ಪಟ್ಟಿ ಟೈಪಾಗುತ್ತಿತ್ತು, ಪಟ್ಟಿಯ ತುಂಬ ಬೆಟ್ಟದ ಮನೆತನಗಳ ಹೆಸರು.

ಆ ಬೆಟ್ಟದಲ್ಲಿ ಹಾಕಿ ಬೆಳೆಯುವ ಬಗೆಯೇ ಬೇರೆ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವಿನ ಹಾಕಿ ಉತ್ಸವ ಶುರುಮಾಡಿದಾಗ ಆಡಿದ್ದು 60 ಕುಟುಂಬಗಳು. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ನಲ್ಲಿ 360 ಕುಟುಂಬಗಳು ಆಡಿ ಗಿನ್ನೆಸ್ ದಾಖಲೆಯಾಯಿತು. ಅಜ್ಜ, ಮೊಮ್ಮಗ, ಅತ್ತೆ, ಸೊಸೆ ಒಂದೇ ತಂಡದಲ್ಲಿ ಆಡಬಹುದು. ಪ್ರತಿವರ್ಷ ಒಂದು ಕುಟುಂಬ ಹೊಣೆ ಹೊತ್ತು ಉತ್ಸವ ನಡೆಸುತ್ತದೆ. ಎಂ.ಪಿ. ಗಣೇಶ್, ಎಂ.ಎಂ. ಸೋಮಯ್ಯ, ಎ.ಬಿ. ಸುಬ್ಬಯ್ಯ, ಅರ್ಜುನ್ ಹಾಲಪ್ಪ, ವಿ.ಆರ್. ರಘುನಾಥ್ ಹುಟ್ಟಿದ್ದು ಇಂಥ ನೆಲದಲ್ಲಿ. ಸೋಮವಾರಪೇಟೆಯ ಎಸ್.ವಿ. ಸುನಿಲ್ ಕೂಡ ಆ ಜಿಲ್ಲೆಯವರೇ. ಕೂಡಿಗೆ, ಪೊನ್ನಂಪೇಟೆಗಳ ಕ್ರೀಡಾ ಹಾಸ್ಟೆಲುಗಳಲ್ಲಿ ಬೆಳೆದ ಮಕ್ಕಳು ಪಿ.ಯು. ಮುಗಿಸಿ ಡಿಗ್ರಿಗೆ ಘಟ್ಟ ಇಳಿದು ಬರುತ್ತಾರೆ. ಇಲ್ಲಿಯ ಸೆಖೆಗೆ, ಮೀನಿನ ಊಟಕ್ಕೆ, ತುಳುವಿಗೆ ಒಗ್ಗಿಕೊಳ್ಳುತ್ತಾರೆ. ಕಾಲೇಜಿಗಾಗಿ ಆಡುತ್ತಾರೆ. ಅವರ ಅಪ್ಪ ಅಮ್ಮ ಆ ಪಂದ್ಯಗಳನ್ನು ನೋಡುವುದೇ ಇಲ್ಲ.

ಆ ಅಪ್ಪ ಅಮ್ಮನಿಗೆ ವಾರಕ್ಕೊಮ್ಮೆ ಕೋಚ್ ಧ್ವನಿ ಕೇಳಿದರೆ? ಈಗ ಆಕಾಶವಾಣಿಯ ಮೊಬೈಲ್ ಆ್ಯಪ್‌ನಲ್ಲಿ ಮಂಗಳೂರು ಕೇಂದ್ರವನ್ನು ಗೋಣಿಕೊಪ್ಪದಲ್ಲೂ ಕೇಳಬಹುದು, ದುಬೈಯಲ್ಲೂ ಕೇಳಬಹುದು. ‘ನಿಮ್ಮ ಮಗ ಈ ವಾರ ಚೆನ್ನಾಗಿ ಆಡಿದ’ ಎಂಬ ಮಾತು ತೋಟದ ಮನೆಯ ಜಗಲಿಗೆ ತಲುಪಲು ಇವತ್ತು ಯಂತ್ರದ ಅಡ್ಡಿಯಿಲ್ಲ. 2023ರಲ್ಲಿ ಕೊಡಗು ವಿಶ್ವವಿದ್ಯಾಲಯ ಬೇರೆಯಾಗಿ, ಅಲ್ಲಿನ ಕಾಲೇಜುಗಳು ಅದರಡಿಗೆ ಹೋದವು. ಮಂಗಳೂರಿನ ಹಾಕಿಗೆ ಇದು ಎಚ್ಚರಿಕೆಯ ಗಂಟೆ. ಮೇಲಿಂದ ಇಳಿದು ಬರುವ ಪ್ರತಿಭೆಯನ್ನೇ ನಂಬಿ ಕೂರುವ ಕಾಲ ಮುಗಿಯಿತು. ಊರಿನ ಮಕ್ಕಳೂ ಸ್ಟಿಕ್ ಹಿಡಿಯಬೇಕು. ಅದಕ್ಕೆ ಆಟ ಅವರ ಕಿವಿಗೆ ಬೀಳಬೇಕು.

ವಾರದ ಹದಿನೈದು ನಿಮಿಷದಲ್ಲಿ ಕೋಚ್ ಏನು ಹೇಳಬೇಕು? ‘ಹುಡುಗರು ಶ್ರಮಪಟ್ಟರು, ಮುಂದಿನ ಬಾರಿ ಗೆಲ್ಲುತ್ತೇವೆ’ ಎಂಬ ಸಭೆಯ ಮಾತಿಗಾದರೆ ರೇಡಿಯೊ ಬೇಡ. ಕೇಳುಗನಿಗೆ ಆಟದ ಒಳಗು ಕಾಣಬೇಕು. ಸೋತ ಒಂದು ವಾರದ ಮಾತು ಹೀಗಿರಬಹುದು ಎಂದು ನಾನು ಊಹಿಸಿಕೊಳ್ಳುತ್ತೇನೆ:

“ನಮಸ್ಕಾರ. ಈ ವಾರ ನಾವು 1-3ರಿಂದ ಸೋತೆವು. ನಮಗೆ ಏಳು ಪೆನಾಲ್ಟಿ ಕಾರ್ನರ್ ಸಿಕ್ಕಿತು, ಒಂದೂ ಗೋಲಾಗಲಿಲ್ಲ. ಏಕೆಂದು ಹೇಳುತ್ತೇನೆ. ಪೆನಾಲ್ಟಿ ಕಾರ್ನರ್‌ನಲ್ಲಿ ಒಬ್ಬ ಗೋಲಿನ ಪಕ್ಕದ ಗೆರೆಯಿಂದ ಚೆಂಡನ್ನು ತಳ್ಳುತ್ತಾನೆ, ಡಿ ಆಚೆ ಇನ್ನೊಬ್ಬ ಅದನ್ನು ನಿಲ್ಲಿಸುತ್ತಾನೆ, ಮೂರನೆಯವನು ಹೊಡೆಯುತ್ತಾನೆ. ಎದುರಾಳಿಗಳಲ್ಲಿ ಗೋಲ್‌ಕೀಪರ್ ಸೇರಿ ಐದೇ ಮಂದಿ ತಡೆಯಲು ನಿಲ್ಲಬಹುದು. ಲೆಕ್ಕದಲ್ಲಿ ನಮಗೇ ಅನುಕೂಲ. ಆದರೆ ಚೆಂಡು ಸತ್ತಂತೆ ನಿಲ್ಲಬೇಕು. ನಾವು ಅಭ್ಯಾಸ ಮಾಡುವುದು ಕೆಂಪು ಮಣ್ಣಿನಲ್ಲಿ, ಅಲ್ಲಿ ಚೆಂಡು ಕುಪ್ಪಳಿಸುತ್ತದೆ. ಪಂದ್ಯ ನಡೆದದ್ದು ಟರ್ಫ್‌ನಲ್ಲಿ, ಅಲ್ಲಿ ಚೆಂಡು ಜಾರಿ ಬರುತ್ತದೆ. ನಮ್ಮ ಹುಡುಗನ ಕೈ ಮಣ್ಣಿನ ವೇಗಕ್ಕೆ ಒಗ್ಗಿದೆ. ಅವನು ಸ್ಟಿಕ್ ಇಡುವ ಹೊತ್ತಿಗೆ ಚೆಂಡು ಬಂದು ಮುಟ್ಟಿಯಾಗಿತ್ತು. ತಪ್ಪು ಅವನದಲ್ಲ. ಈ ವಾರ ನಾವು ಕಾಲೇಜಿನ ಬಾಸ್ಕೆಟ್‌ಬಾಲ್ ಅಂಕಣದ ಸಿಮೆಂಟಿನ ಮೇಲೆ ಚೆಂಡು ನಿಲ್ಲಿಸುವುದನ್ನು ಅಭ್ಯಾಸ ಮಾಡುತ್ತೇವೆ.”

ಇಷ್ಟು ಕೇಳಿದ ಮನೆಯ ಹಿರಿಯರಿಗೆ, ಸ್ಟಿಕ್ ಮುಟ್ಟದ ಅಂಗಡಿಯವನಿಗೆ, ಹಾಕಿ ಎಂದರೇನು ಎಂಬುದರ ಒಂದು ತುಂಡು ಕೈಗೆ ಸಿಕ್ಕಿತು. ಮುಂದಿನ ವಾರ ಅವರು ಕೇಳಲು ಬರುತ್ತಾರೆ. ಸಿಮೆಂಟಿನ ಅಭ್ಯಾಸ ಫಲ ಕೊಟ್ಟಿತೇ ಎಂದು ಅವರಿಗೂ ತಿಳಿಯಬೇಕು. ಧಾರಾವಾಹಿಯ ಕುತೂಹಲ ಇದಕ್ಕಿಂತ ಬೇರೆಯಲ್ಲ. ಪಂದ್ಯದ ಫಲಿತಾಂಶ ಒಂದು ದಿನದ ಸುದ್ದಿ. ವಾರ ವಾರ ಹೇಳಿದಾಗ ಅದೇ ತಂಡದ ಕಥೆಯಾಗುತ್ತದೆ, ಕೇಳುವವರು ಆ ತಂಡದವರಾಗುತ್ತಾರೆ.

ಹೇಳುವ ವಿಷಯಕ್ಕೇನೂ ಬರವಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ಮೈದಾನ ಕೆಸರಿನ ಗದ್ದೆ. ಆ ನಾಲ್ಕು ತಿಂಗಳು ತಂಡ ಏನು ಮಾಡುತ್ತದೆ? ಇಂಟರ್ನಲ್ ಪರೀಕ್ಷೆ ಮತ್ತು ಪಂದ್ಯಾಟ ಒಂದೇ ದಿನ ಬಿದ್ದರೆ ಯಾರು ಯಾರನ್ನು ಕೇಳಬೇಕು? ಹಾಜರಾತಿ ಕಡಿಮೆಯಾದ ಆಟಗಾರನಿಗೆ ಕಾಲೇಜು ಯಾವ ರಿಯಾಯಿತಿ ಕೊಡುತ್ತದೆ? ಮೊದಲು 35 ನಿಮಿಷದ ಎರಡು ಅವಧಿ ಇದ್ದ ಆಟ ಈಗ 15 ನಿಮಿಷದ ನಾಲ್ಕು ಕ್ವಾರ್ಟರ್ ಆಗಿದೆ, ಅದರಿಂದ ಹುಡುಗರ ಓಟದ ಲೆಕ್ಕ ಹೇಗೆ ಬದಲಾಯಿತು? ಹಸಿರು ಕಾರ್ಡ್ ಕಂಡರೆ ಎರಡು ನಿಮಿಷ ಹೊರಗೆ ಕೂರಬೇಕು, ಆ ಎರಡು ನಿಮಿಷ ಹತ್ತು ಮಂದಿ ಹೇಗೆ ಆಡುತ್ತಾರೆ? ಹುಡುಗಿಯರ ತಂಡಕ್ಕೆ ಅಭ್ಯಾಸ ಮುಗಿಸಿ ಕತ್ತಲಾಗುವ ಮುಂಚೆ ಮನೆ ಸೇರುವ ಬಸ್ಸಿದೆಯೇ? ಕೊನೆಯ ಪ್ರಶ್ನೆಯನ್ನು ಕೋಚ್ ರೇಡಿಯೊದಲ್ಲಿ ಕೇಳಿದರೆ ಬಸ್ ಮಾಲೀಕರಿಗೂ, ಕಾಲೇಜಿನ ಆಡಳಿತಕ್ಕೂ ಕೇಳಿಸುತ್ತದೆ. ಸಭೆಯಲ್ಲಿ ಹೇಳಿದ್ದಕ್ಕಿಂತ ಹೆಚ್ಚಾಗಿ ಕೇಳಿಸುತ್ತದೆ ಎಂದೇ ನನ್ನ ನಂಬಿಕೆ.

ಕೋಚ್‌ಗಳಿಗೆ ಅಳುಕು ಇರುವುದು ಸಹಜ. ‘ನನಗೆ ಭಾಷಣ ಬರುವುದಿಲ್ಲ’ ಎನ್ನುವವರೇ ಹೆಚ್ಚು. ಆಕಾಶವಾಣಿಯ ಹಳೆಯ ಕ್ರಮದಲ್ಲಿ ಭಾಷಣವನ್ನು ಮೊದಲೇ ಬರೆದುಕೊಡಬೇಕು, ನಿಮಿಷಕ್ಕೆ ಸುಮಾರು ನೂರು ಪದದ ಲೆಕ್ಕದಲ್ಲಿ ಓದಬೇಕು. ಮೈದಾನದ ಮನುಷ್ಯನಿಗೆ ಇದು ಕಷ್ಟ. ಬರೆದದ್ದನ್ನು ಓದಿದಾಗ ಅವರ ನಿಜವಾದ ಮಾತಿನ ಖಾರವೂ ಹೋಗುತ್ತದೆ. ಆದ್ದರಿಂದ ಒಬ್ಬ ಪತ್ರಿಕೋದ್ಯಮ ವಿದ್ಯಾರ್ಥಿಯನ್ನೋ ವಿದ್ಯಾರ್ಥಿನಿಯನ್ನೋ ಎದುರು ಕೂರಿಸಿ ಮಾತುಕತೆಯಾಗಿ ನಡೆಸುವುದು ಒಳ್ಳೆಯದು. ಕೇಳುವವರಿಗೆ ಹಾಕಿ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು. ‘ಸರ್, ಡಿ ಅಂದರೇನು?’ ಎಂದು ಅವರು ಕೇಳುತ್ತಾರೆ, ಊರಿಗೂ ಅದೇ ಪ್ರಶ್ನೆ ಇರುತ್ತದೆ. ಭಾಷೆಯ ಚಿಂತೆಯೂ ಬೇಡ. ಮಂಗಳೂರಿನ ಪಿ.ಡಿ. ಸರ್ ಒಂದೇ ಅಭ್ಯಾಸದಲ್ಲಿ ಕನ್ನಡದಲ್ಲಿ ಪಾಠ ಹೇಳಿ, ತುಳುವಿನಲ್ಲಿ ಗದರಿ, ಇಂಗ್ಲಿಷಿನಲ್ಲಿ ಲೆಕ್ಕ ಹಿಡಿಯುತ್ತಾರೆ. ರೇಡಿಯೊದಲ್ಲೂ ಹಾಗೇ ಮಾತಾಡಲಿ.

ಒಂದು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು ಬೇಕು. ಆಡುವವರು ಹದಿನೆಂಟು, ಇಪ್ಪತ್ತರ ಮಕ್ಕಳು. ಸಂಬಳಕ್ಕೆ ಆಡುವವರಲ್ಲ. ಗೆಲುವಿಗೆ ಹೆಸರು ಹೇಳಬೇಕು, ಸೋಲಿಗೆ ಹೆಸರು ಹೇಳಬಾರದು. ಪೆನಾಲ್ಟಿ ಸ್ಟ್ರೋಕ್ ಕೈಚೆಲ್ಲಿದ ಹುಡುಗ ಮರುದಿನ ಕ್ಯಾಂಟೀನಿಗೆ ಹೋಗಬೇಕು, ಮನೆಗೆ ಹೋಗಬೇಕು. ಆಯ್ಕೆಯ ತಪ್ಪನ್ನು, ತಂತ್ರದ ತಪ್ಪನ್ನು ಕೋಚ್ ತನ್ನ ಮೇಲೆ ಹಾಕಿಕೊಳ್ಳಬೇಕು, ಏಕೆಂದರೆ ಆ ನಿರ್ಧಾರ ಅವರದೇ. ಗಾಯದ ವಿವರ, ಮನೆಯ ಕಷ್ಟ, ಇವನ್ನು ಆ ಮಗುವಿನ ಒಪ್ಪಿಗೆಯಿಲ್ಲದೆ ಬಾಯಿಬಿಡಬಾರದು. ತಂತ್ರದ ಗುಟ್ಟು ಎದುರಾಳಿಗೆ ತಿಳಿದುಬಿಡುತ್ತದೆ ಎಂಬ ಭಯ ದೊಡ್ಡದಲ್ಲ. ಅಂತರ ಕಾಲೇಜು ಪಂದ್ಯಾಟದಲ್ಲಿ ಎಲ್ಲರೂ ಎಲ್ಲರ ಆಟವನ್ನೂ ನೋಡಿರುತ್ತಾರೆ.

ಸಮುದಾಯ ಬಾನುಲಿಗೆ ಸ್ವಂತ ಸುದ್ದಿ ಪ್ರಸಾರ ಮಾಡುವ ಅನುಮತಿಯಿಲ್ಲ, ಆದರೆ ಆಟದ ಮಾತಿಗೆ ಅಡ್ಡಿಯಿಲ್ಲ. ಖರ್ಚೂ ಹೆಚ್ಚಿಲ್ಲ: ಸ್ಟುಡಿಯೊ ಇದೆ, ಕೋಚ್ ಬರುವುದು ಅದೇ ಊರಿನಿಂದ. ಆಕಾಶವಾಣಿಯಲ್ಲಿ ಯುವಜನರಿಗೆಂದು ‘ಯುವವಾಣಿ’ಯ ಪರಂಪರೆ 1969ರಿಂದ ಇದೆ. ಅದರೊಳಗೆ ವಾರಕ್ಕೊಂದು ತುಂಡು ಹೊತ್ತು ತೆಗೆದಿಟ್ಟರೆ ಸಾಕು. ಒಂದು ಕಾಲೇಜಿನವರನ್ನೇ ಕರೆದರೆ ಉಳಿದವರಿಗೆ ಬೇಸರ ಎಂಬ ಆಕ್ಷೇಪ ಬರಬಹುದು. ಹಾಗೆಂದು ಪ್ರತಿವಾರ ಕೋಚ್ ಬದಲಿಸಿದರೆ ಕಥೆ ತುಂಡಾಗುತ್ತದೆ, ಕೇಳುಗನ ನಂಟು ಬೆಳೆಯುವುದಿಲ್ಲ. ಒಂದು ಋತುವಿಗೆ ಒಂದು ತಂಡ, ಮುಂದಿನ ಋತುವಿಗೆ ಇನ್ನೊಂದು, ಒಮ್ಮೆ ಹುಡುಗರದು, ಒಮ್ಮೆ ಹುಡುಗಿಯರದು. ಇದು ನ್ಯಾಯವಾದ ಏರ್ಪಾಡು ಎಂದು ನನಗೆ ತೋರುತ್ತದೆ.

ಕದ್ರಿಯ ಆಕಾಶವಾಣಿಯ ಕಾರ್ಯಕ್ರಮ ಮುಖ್ಯಸ್ಥರಲ್ಲಿ, ಸಾರಂಗ್‌ನ ಗೆಳೆಯರಲ್ಲಿ, ಮಂಗಳೂರಿನ ಕಾಲೇಜುಗಳ ಪ್ರಾಂಶುಪಾಲರಲ್ಲಿ ನನ್ನ ವಿನಂತಿ ಇಷ್ಟು: ಮಳೆ ಬಿಟ್ಟು ಮೈದಾನ ಒಣಗಿ ಅಂತರ ಕಾಲೇಜು ಪಂದ್ಯಾಟಗಳು ಶುರುವಾಗುವ ಮುಂಚೆ ಒಂದು ದಿನ, ಒಂದು ಹೊತ್ತು ಗೊತ್ತುಮಾಡಿ. ಒಬ್ಬ ಹಾಕಿ ಕೋಚನ್ನು ಕರೆಯಿರಿ. ಋತು ಮುಗಿಯುವವರೆಗೆ, ಗೆದ್ದರೂ ಸೋತರೂ, ವಾರ ತಪ್ಪದೆ ಬರುವುದಾಗಿ ಅವರಿಂದ ಮಾತು ತೆಗೆದುಕೊಳ್ಳಿ. ಪಿ.ಡಿ. ಸರ್‌ಗಳೇ, ಕರೆ ಬಂದರೆ ಹಿಂಜರಿಯಬೇಡಿ. ಓದುಗರು ಮಾಡಬೇಕಾದ ಕೆಲಸವೂ ಒಂದಿದೆ. ರೇಡಿಯೊ ಕೇಂದ್ರಗಳು ಇವತ್ತಿಗೂ ಕೇಳುಗರ ಪತ್ರಕ್ಕೆ ಬೆಲೆ ಕೊಡುತ್ತವೆ. ನಮ್ಮೂರಿನ ಕಾಲೇಜು ತಂಡದ ಕೋಚ್ ಮಾತು ನಮಗೆ ಬೇಕು ಎಂದು ಒಂದು ಕಾರ್ಡು ಬರೆದು ಹಾಕಿ.